ರುದೈನಾ ಹಾಕಿಕೊಟ್ಟ ವಿಂಡೋಸ್

ನಮ್ಮ ಮನೆಯ ಕಂಪ್ಯೂಟರ್ ಶುರು ಮಾಡಿದರೆ ಮೊದಲು ಬರುವುದು ಒಂದು ಪ್ರಶ್ನೆ. ಯಾವ ವಿಂಡೋಸ್ ಬೇಕು? ಕೆಳಗೆ ಎರಡು ಹೆಸರು. ಒಂದು ಮದುವೆಯಾದ ಹೊಸತರಲ್ಲಿ ನಾವು ಹಾಕಿಸಿದ್ದು, ಅರಬ್ಬಿಯದು. ಇನ್ನೊಂದು ಹೋದ ರಂಜಾನ್ ಕಳೆದ ಮೇಲೆ ರುದೈನಾ ಬಂದು ಹಾಕಿದ್ದು, ಇಂಗ್ಲಿಷಿನದು. ನನ್ನ ಗಂಡ ವದ್ದಾಹ್ ಒಂದು ದಿನವೂ ತಪ್ಪದೆ ಅವಳದನ್ನೇ ಆರಿಸುತ್ತಾನೆ.

ರುದೈನಾ ಅವನ ಚಿಕ್ಕಪ್ಪನ ಮಗಳು. ನಮ್ಮೂರು ಇರ್ಬಿದ್‌ನಲ್ಲಿ, ಅದರಲ್ಲೂ ಅವರ ಮನೆತನದಲ್ಲಿ, ಮದುವೆಯ ಮಾತು ಬಂದರೆ ಹುಡುಗನ ಮೇಲೆ ಮೊದಲ ಹಕ್ಕು ಚಿಕ್ಕಪ್ಪನ ಮಗಳದ್ದೇ. ಅವಳು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ 'ಇವಳು ವದ್ದಾಹ್‌ಗೆ' ಅಂದಿಟ್ಟಿದ್ದರಂತೆ. ನಡುವೆ ನಾನು ಬಂದೆ. ನಮ್ಮ ಮದುವೆಗೆ ಇಡೀ ಬಳಗ ಬಂತು, ಅವಳೊಬ್ಬಳು ಹಲ್ಲುನೋವೆಂದು ಬರಲಿಲ್ಲ. ಇವತ್ತಿಗೂ ಮದುವೆಯಾಗಿಲ್ಲ. ಒಂದು ಬ್ಯಾಂಕಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ಕಂಡವರನ್ನೆಲ್ಲ 'ನನ್ನ ಕಣ್ಣೇ' ಅನ್ನುತ್ತಾಳೆ. ಕೇಳಿದರೆ ನನಗೆ ಮೈ ಉರಿಯುತ್ತದೆ.

"ಹಳೇದನ್ನ ಯಾಕೆ ಅಳಿಸ್ಲಿ ನನ್ನ ಕಣ್ಣೇ, ಅದರ ಪಾಡಿಗೆ ಅದೂ ಇರ್ಲಿ," ಅಂದಿದ್ದಳು ಅವತ್ತು. ನಾನು ಮಾಡಿದ ಮಕ್ಲೂಬದ ಅನ್ನವನ್ನು ಎರಡು ಸಲ ಬಡಿಸಿಕೊಂಡು ತಿಂದು ಆಡಿದ ಮಾತು!

"ಅವಳದನ್ನ ತೆಗೆಸಿಬಿಡು," ಅಂದೆ ವದ್ದಾಹ್‌ಗೆ.

"ಯಾಕೆ? ಊಟ ಕೇಳುತ್ತಾ ಅದು?"

"ಜಾಗ ತಿನ್ನುತ್ತೆ."

"ಡಿಸ್ಕಲ್ಲಾ, ನಿನ್ನ ತಲೇಲಾ?"

ಅದಕ್ಕೊಂದು ಪಾಸ್‌ವರ್ಡ್ ಬೇರೆ. ಕೇಳಿದ್ದರೆ ಹೇಳುತ್ತಿದ್ದನೋ ಏನೋ. ಗಂಡನ ಹತ್ತಿರ ಪಾಸ್‌ವರ್ಡ್ ಬೇಡುವಷ್ಟು ಅಗ್ಗ ನಾನಲ್ಲ. ಅವಳ ಗುರುತು ಈ ಮನೆಯಿಂದ ಹೋಗಬೇಕು, ಹೋಗುವ ದಾರಿಯನ್ನು ಅವಳ ಬಾಯಿಂದಲೇ ಹೇಳಿಸಬೇಕು. ನನಗೆ ಬೇಕಿದ್ದದ್ದು ಅಷ್ಟೇ. ವದ್ದಾಹ್ ಪಾಠ ಮಾಡಲು ಶಾಲೆಗೆ ಹೋದ ಮೇಲೆ ಅವಳಿಗೆ ಫೋನ್ ಮಾಡಿದೆ.

ನಿನ್ನದನ್ನು ಅಳಿಸುವುದು ಹೇಗೆ ಅಂತ ಕೇಳಿದೆ. "ಆಯ್ತು ನನ್ನ ಕಣ್ಣೇ. ಹಳೇದರ ಒಳಗೆ ಹೋಗು. ಡಿಸ್ಕಿನ ನಕ್ಷೆ ತೆಗಿ. ಮೂರು ಚೌಕ ಕಾಣುತ್ತಾ?"

"ಕಾಣುತ್ತೆ."

"ಅದರ ಮೇಲಿರೋ ಸಿ, ಡಿ ಅಕ್ಷರ ನಂಬಬೇಡ. ನಾವು ಯಾವ ವಿಂಡೋಸಲ್ಲಿದ್ದೀವೋ ಅದಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಜಾಗ ನೋಡ್ಕೊ. ಬಲತುದಿಲಿರೋದು ನಂದು. ಅದನ್ನ ಅಳಿಸು."

ಬಲತುದಿಯದನ್ನು ಅಳಿಸಿದೆ. ಖಂಡಿತವೇ ಅಂತ ಕಂಪ್ಯೂಟರ್ ಕೇಳಿತು. ಅಷ್ಟು ಖಂಡಿತ ನನಗೆ ಮದುವೆಯ ದಿನವೂ ಇರಲಿಲ್ಲ.

ಮತ್ತೆ ಶುರು ಮಾಡಿ ನೋಡಿದರೆ ಅವಳ ವಿಂಡೋಸ್ ಇದ್ದಲ್ಲೇ ಇದೆ. ಇಲ್ಲದ್ದು ನಮ್ಮ ಫೋಟೋಗಳು. ಆಗ ತಲೆಗೆ ಹೊಳೆಯಿತು. ಅವಳು ಹೇಳಿದ್ದು ಇಂಗ್ಲಿಷ್ ಪರದೆಯ ಲೆಕ್ಕ, ಅಲ್ಲಿ ಚೌಕಗಳ ಸಾಲು ಎಡದಿಂದ ಹೊರಡುತ್ತದೆ. ನನ್ನದು ಅರಬ್ಬಿ ಪರದೆ, ಬಲದಿಂದ ಹೊರಡುತ್ತದೆ. ಅವಳಿಗೆ ಕೊನೆಯದಾದದ್ದು ಎಡತುದಿಯಲ್ಲಿತ್ತು. ನಾನು ಅಳಿಸಿದ್ದು ಮೊದಲನೆಯ ಚೌಕ, ಮನೆಯ ಫೋಟೋಗಳೆಲ್ಲ ಇದ್ದದ್ದು. ಮದುವೆಯದ್ದೂ ಅದರಲ್ಲೇ.

ಮದುವೆಯಲ್ಲಿ ಹೆಂಗಸರಿಗೆಂದೇ ಇದ್ದ ಸಭಾಂಗಣದ ಚಿತ್ರಗಳವು. ಬಾಗಿಲಲ್ಲೇ ಎಲ್ಲರ ಫೋನ್ ಇಸಿದುಕೊಂಡಿದ್ದರು, ಕ್ಯಾಮೆರಾದವಳು ತೆಗೆದದ್ದಷ್ಟೇ ಚಿತ್ರ, ಬೇರೆ ಪ್ರತಿಯಿಲ್ಲ. ನಾನು ಕೂದಲು ಬಿಟ್ಟುಕೊಂಡು, ತೋಳಿಲ್ಲದ ಬಿಳಿ ಉಡುಪಿನಲ್ಲಿದ್ದೇನೆ. ನಾದಿನಿಯರು, ಓರಗಿತ್ತಿಯರು ಬರಿದಲೆಯಲ್ಲಿ ಕುಣಿಯುತ್ತಿದ್ದಾರೆ. ಇಂಥದ್ದನ್ನು ಹುಡುಕಿಕೊಡಿ ಅಂತ ಅಂಗಡಿಯ ಗಂಡಸರ ಕೈಗೆ ಡಿಸ್ಕ್ ಕೊಡಲು ಬರುತ್ತದೆಯೇ? ಈ ಕೆಲಸ ಬಲ್ಲ ಹೆಂಗಸು ನಮಗೆ ಗೊತ್ತಿದ್ದವಳು ಒಬ್ಬಳೇ.

ಸಂಜೆಯೇ ಬಂದಳು. "ಅಯ್ಯೋ, ನಿಂದು ಅರಬ್ಬಿ ಅಲ್ವಾ. ನಂಗೆ ಹೊಳೀಲೇ ಇಲ್ಲ ಕಣೇ."

ಹೊಳೆಯಲಿಲ್ಲವಂತೆ. ನಾನು ನಂಬಲಿಲ್ಲ. ವದ್ದಾಹ್ ಅವಳ ಕುರ್ಚಿಗೆ ದಿಂಬು ತಂದಿಟ್ಟ. ನಾನು ತಿಂಗಳಿಂದ ಬೆನ್ನುನೋವು ಅನ್ನುತ್ತಿದ್ದೇನೆ, ಆ ದಿಂಬು ಎದ್ದು ಬಂದಿರಲಿಲ್ಲ.

"ನೀನು ಹೊರಗೆ ನಡಿ," ಅಂದಳು ಅವನಿಗೆ. "ಇದರಲ್ಲಿ ಊರ ಹೆಂಗಸರೆಲ್ಲ ಇದ್ದಾರೆ."

ಅವನು ಹೋದ. ಅವಳು ತನ್ನ ವಿಂಡೋಸ್ ತೆರೆದಳು. ಪಾಸ್‌ವರ್ಡನ್ನು ಯಾರನ್ನೂ ಕೇಳಲಿಲ್ಲ, ಬೆರಳಿಗೆ ಗೊತ್ತಿತ್ತು. ಒಳಗೆ ಏನೇನಿದೆ ಅಂತ ಬಗ್ಗಿ ನೋಡಿದೆ. ಒಳಗೆ ಇದ್ದದ್ದು ವದ್ದಾಹ್‌ನ ಗಣಿತದ ಪ್ರಶ್ನೆಪತ್ರಿಕೆಗಳು ಮಾತ್ರ. ಅದರಿಂದಲೂ ನನಗೆ ಸಮಾಧಾನವಾಗಲಿಲ್ಲ.

ಫೋಟೋಗಳು ಒಂದೊಂದಾಗಿ ಸಿಕ್ಕವು. ಹೆಸರೆಲ್ಲ ಅಳಿಸಿಹೋಗಿತ್ತು, ಎಲ್ಲೆಲ್ಲಿಯದೋ ಕಸವೂ ಕಲೆತಿತ್ತು. ಹಾಗಾಗಿ ಒಂದೊಂದನ್ನೂ ತೆರೆದು ಕೇಳಬೇಕಾಯಿತು.

"ಇದು ಇಡ್ಲಾ?"

"ಇಡು."

"ಇದು?"

"ಇಡು."

ಅವಳು ಬಾರದ ಮದುವೆಯನ್ನು ಅವಳ ಕೈಯಿಂದಲೇ ಮತ್ತೆ ಕಟ್ಟಿಸುತ್ತಿದ್ದೆ. ಚೆನ್ನಾಗಿ ನೋಡಲಿ ಅಂತ ಕೆಲವಕ್ಕೆ ಬೇಕೆಂದೇ ತಡವಾಗಿ ಉತ್ತರ ಕೊಟ್ಟೆ. ಖುಷಿಯಾಗುತ್ತಿತ್ತು.

ಉಂಗುರದ ಚಿತ್ರ ಬಂತು, ಮದುಮಗನೊಬ್ಬನನ್ನು ಹೆಂಗಸರೊಳಗೆ ಬಿಟ್ಟ ಗಳಿಗೆಯದು. ವದ್ದಾಹ್ ನನ್ನ ಕೈ ಹಿಡಿದುಕೊಂಡು ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾನೆ. ರುದೈನಾ ಚಿತ್ರವನ್ನು ದೊಡ್ಡದು ಮಾಡಿದಳು.

"ಇವನು ಇಷ್ಟು ನಗ್ತಾನಾ?" ಅಂದಳು. "ನಂಗೆ ಗೊತ್ತೇ ಇರ್ಲಿಲ್ಲ."

ಅವಳ ಮುಖ ನೋಡಿದೆ. ಇಷ್ಟು ದಿನ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದೇ ಅಲ್ಲಿತ್ತು, ನನ್ನದಕ್ಕಿಂತ ಹಳೆಯದು.

"ಇಡು," ಅಂದೆ.

ಎಲ್ಲ ಮುಗಿದ ಮೇಲೆ ಪ್ರಶ್ನೆಪತ್ರಿಕೆಗಳನ್ನೂ ಬೇರೆ ಕಡೆ ತೆಗೆದಿಟ್ಟಳು. ಹಳೆಯದರೊಳಕ್ಕೆ ಹೋಗಿ ಚೌಕಗಳನ್ನು ತೆರೆದಳು. "ನಂದನ್ನ ಅಳಿಸ್ಲಾ? ಅಥವಾ ಇರ್ಲಾ? ಅವನಿಗೆ ಅದೇ ಅಭ್ಯಾಸ ಆಗಿಬಿಟ್ಟಿದೆ."

ಕನಿಕರ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಕನಿಕರ ಬಂತೆಂದು ಹೊಟ್ಟೆಕಿಚ್ಚು ಎದ್ದು ಜಾಗ ಬಿಟ್ಟುಕೊಡಲಿಲ್ಲ.

"ಅಳಿಸು," ಅಂದೆ. ಮುಗಿಯುವ ತನಕ ಅವಳ ಪಕ್ಕದಲ್ಲೇ ನಿಂತಿದ್ದೆ.