ರೋಡಿಯೊ ಮೈದಾನದ ಕರೆಂಟು ಕಂಬ

ಬೆಳಗ್ಗೆ ಜನರೇಟರ್ ಕೆಮ್ಮಿ ಕೆಮ್ಮಿ ನಿಂತುಹೋದಾಗಲೇ ಅರ್ಲೀನ್ ಗಾಡಿ ಹೊರಡಿಸಿದ್ದಳು. ಮನೆಗಾಡಿಯ ಹಿಂಬದಿಯ ಮಂಚದಲ್ಲಿ ಮಲಗಿದ್ದ ಗಂಡ ಲೊವೆಲ್‌ಗೆ ಆಮ್ಲಜನಕ ಕೊಡುವ ಯಂತ್ರ ಅದರಿಂದಲೇ ನಡೆಯುತ್ತಿತ್ತು. ಇನ್ನು ಉಳಿದದ್ದು ಒಂದು ಪುಟ್ಟ ಸಿಲಿಂಡರ್. ಅದು ಕತ್ತಲಾಗುವವರೆಗೆ ಸಾಲಿದರೆ ದೊಡ್ಡ ಮಾತು. ಅಷ್ಟರೊಳಗೆ ಕರೆಂಟು ಸಿಗುವ ಕಡೆ ಗಾಡಿ ನಿಲ್ಲಿಸಲೇಬೇಕು.

ಆರೆಗನ್ ರಾಜ್ಯದ ಪೂರ್ವಭಾಗದ ಕಾಡುಗಳು ವಾರದಿಂದ ಉರಿಯುತ್ತಿದ್ದವು. ವೈಪರ್ ಹಾಕಿದಷ್ಟೂ ಗಾಜಿನ ಮೇಲೆ ಬೂದಿ ಬಳಿದುಕೊಳ್ಳುತ್ತಿತ್ತು. ಹತ್ತಿರದ ಆಸ್ಪತ್ರೆಯನ್ನೂ ಖಾಲಿ ಮಾಡಿಸಿದ್ದರು. ಮೊದಲೆಲ್ಲ ಗಾಡಿ ಓಡಿಸುತ್ತಿದ್ದವನು ಲೊವೆಲ್. ಆಯುಷ್ಯವಿಡೀ ಮರದ ದಿಮ್ಮಿಯ ಲಾರಿ ಹೊಡೆದವನು. ಈಗ ಮಲಗಿದಲ್ಲಿಂದಲೇ ಹುಕುಂ.

"ಬಲಕ್ಕೆ ಜಾರ್ತಾ ಇದೆ ಕಣೇ. ಹಳ್ಳಕ್ಕೆ ಇಳಿಸ್ತೀಯಾ?"

"ಬಾಯಿ ಮುಚ್ಕೊಂಡು ಉಸಿರಾಡು, ಮುದುಕಾ. ಮಾತಿಗೆ ಖರ್ಚು ಮಾಡ್ಬೇಡ ಅದನ್ನ."

ನದಿ ದಂಡೆಯ ಶಿಬಿರದಲ್ಲಿ ಜಾಗವಿರಲಿಲ್ಲ. ಅಲ್ಲಿ ಬೆಂಕಿ ಆರಿಸುವವರ ಡೇರೆಗಳೇ ತುಂಬಿದ್ದವು. ಗಂಡನ ಸ್ಥಿತಿ ಹೇಳಿಕೊಂಡಳು. "ಎಲ್ಲರ ಮನೇಲೂ ಒಬ್ರು ಕಾಯಿಲೆಯವರು ಇದ್ದೇ ಇರ್ತಾರೆ ಅಮ್ಮಾ" ಎಂದು ಅಲ್ಲಿನವನು ಕೈ ಬೀಸಿ ಮುಂದಕ್ಕೆ ಕಳಿಸಿದ. ಮುಂದಿನ ಊರಿನ ದೊಡ್ಡ ಅಂಗಡಿಯ ಅಂಗಳದಲ್ಲಿ ಹಿಂದೆ ಎಷ್ಟೋ ಸಲ ರಾತ್ರಿ ಕಳೆದಿದ್ದರು. ಈಗ ಅಲ್ಲಿ ರಾತ್ರಿ ತಂಗುವಂತಿಲ್ಲ ಎಂಬ ಹಲಗೆ. ಕಾವಲಿನ ಹುಡುಗಿ ಅಳುಮೋರೆ ಮಾಡಿದಳೇ ಹೊರತು ಪ್ಲಗ್ಗು ಕೊಡಲಿಲ್ಲ.

ಊರಾಚೆ, ಕುದುರೆ ಸವಾರಿಯ ಪಂದ್ಯ ನಡೆಸುವ ರೋಡಿಯೊ ಮೈದಾನ ತಲುಪಿದಾಗ ಸಂಜೆ. ಕುದುರೆ ಕಟ್ಟುವ ಸಾಲುಗಳ ಪಕ್ಕದಲ್ಲಿ ಗಾಡಿಗಳಿಗೆ ಪ್ಲಗ್ಗು ಇರುವ ಕರೆಂಟು ಕಂಬಗಳು. ಗೇಟಿನಲ್ಲಿ ಮಾರ್ಗೀ ಎಂಬ ದಪ್ಪ ಹೆಂಗಸು ಕೈ ಅಡ್ಡ ಹಿಡಿದಳು.

"ಒಂದೇ ಕಂಬ ಉಳಿದಿರೋದು. ಮನೆ ಬಿಟ್ಟು ಓಡಿ ಬಂದವರಿಗೆ ಮಾತ್ರ. ನಿಮ್ಮದು ಯಾವ ರಸ್ತೆ?"

ದಾರಿಯುದ್ದಕ್ಕೂ ರೇಡಿಯೊ ಬೆಂಕಿಗೆ ಸಿಕ್ಕ ಒಂದು ರಸ್ತೆಯ ಹೆಸರನ್ನೇ ಹೇಳುತ್ತ ಬಂದಿತ್ತು. ಅದೇ ಅವಳ ಬಾಯಿಗೆ ಬಂತು.

"ಟ್ಯಾಮರಾಕ್ ರಸ್ತೆ."

"ಅಯ್ಯೋ ದೇವರೇ" ಎಂದಳು ಮಾರ್ಗೀ. ಇಳಿಬಿದ್ದ ಅರ್ಲೀನಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. "ಯಾವಾಗ ಹೊರಟ್ರಿ?"

"ಮಧ್ಯಾಹ್ನ."

ಗೇಟು ತೆರೆಯಿತು. ಕೇಬಲ್ ಸಿಕ್ಕಿಸಿದ ಕೂಡಲೇ ಯಂತ್ರ ಗುರ್ರೆಂದಿತು. ಲೊವೆಲ್‌ನ ನೀಲಿಗಟ್ಟಿದ ತುಟಿಗೆ ನಿಧಾನಕ್ಕೆ ಬಣ್ಣ ಬರುವುದನ್ನು ನೋಡುತ್ತ ಅವಳು ನೆಲದ ಮೇಲೆಯೇ ಕುಳಿತುಬಿಟ್ಟಳು. ಯಾರೋ ಬೀನ್ಸ್ ಸಾರು, ಜೋಳದ ರೊಟ್ಟಿ ತಂದು ಮೆಟ್ಟಿಲ ಮೇಲಿಟ್ಟು ಹೋದರು. ಅವಳು ಅದನ್ನು ಮುಟ್ಟಲಿಲ್ಲ.

ಆಮೇಲೆ ಬಾಗಿಲು ಬಡಿದವನು ಡ್ವೇನ್ ಎಂಬವನು. ಹುಬ್ಬು ಸುಟ್ಟ ನಡುವಯಸ್ಸಿನವನು, ಮೈಯೆಲ್ಲ ಕುದುರೆ ವಾಸನೆ.

"ಮಾರ್ಗೀ ಹೇಳಿದ್ಲು, ನೀವು ಟ್ಯಾಮರಾಕ್‌ನವರಂತೆ. ನಾನೂ ಅಲ್ಲಿಯವನೇ. ನಾನು ಬೆಳಗ್ಗೇನೇ ಬಂದುಬಿಟ್ಟೆ. ನಮ್ಮಣ್ಣ ಕರ್ಟ್ ಹೇಸರಗತ್ತೆಗಳನ್ನ ಬಿಡಿಸಿ ಬರ್ತೀನಿ ಅಂತ ನಿಂತ. ಕೆಂಪು ಪಿಕಪ್ಪು. ನೋಡಿದ್ರಾ?"

"ಹೊಗೆ ಇತ್ತು" ಎಂದಳು ಅರ್ಲೀನ್. "ಏನೂ ಕಾಣ್ತಿರಲಿಲ್ಲ."

"ಆದ್ರೆ ಮಧ್ಯಾಹ್ನ ನೀವು ಬಂದ್ರಲ್ಲ! ಹಾಗಾದ್ರೆ ನಮ್ಮ ರಸ್ತೆಯ ಸೇತುವೆ ಇನ್ನೂ ಇದೆ. ಪೊಲೀಸರು ಸುಟ್ಟುಹೋಯ್ತು ಅಂತಿದ್ದಾರೆ, ಸುಳ್ಳರು." ಅವನ ಮುಖ ಅರಳಿತು. "ಹೊಲದ ದಾರೀಲಿ ನುಗ್ಗಿದ್ರೆ ಅವರ ಕಣ್ಣು ತಪ್ಪಿಸ್ಬಹುದು. ನಾನೇ ಹೋಗಿ ಕರ್ಕೊಂಡು ಬರ್ತೀನಿ." ಬೀಗದ ಕೈಗಾಗಿ ಜೇಬು ತಡಕುತ್ತ ಅವನು ಆಗಲೇ ತಿರುಗಿದ್ದ.

ಅರ್ಲೀನ್ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಿಂದಿನಿಂದ ಸದ್ದಾಯಿತು. ಲೊವೆಲ್ ಎದ್ದು ಕುಳಿತು ಮೂಗಿನ ನಳಿಕೆ ಕಿತ್ತು ಹಾಕಿದ್ದ.

"ಹೇಳೇ. ಇಲ್ಲಾಂದ್ರೆ ನಾನೇ ಇಳಿದು ಬಂದು ಹೇಳ್ತೀನಿ."

ಅವಳು ಮೆಟ್ಟಿಲು ಹಾರಿ ಡ್ವೇನ್‌ನ ತೋಳು ಹಿಡಿದಳು. "ನಾವು ಟ್ಯಾಮರಾಕ್‌ನವರಲ್ಲ. ಆ ರಸ್ತೆ ಕಣ್ಣಲ್ಲೂ ಕಂಡಿಲ್ಲ. ಸೇತುವೆ ಇದೆಯೋ ಇಲ್ವೋ ನಂಗೊತ್ತಿಲ್ಲ. ಈ ಕಂಬಕ್ಕೋಸ್ಕರ ಸುಳ್ಳು ಹೇಳ್ದೆ. ಹೋಗ್ಬೇಡಪ್ಪಾ."

ಅವನು ಅವಳ ಕಡೆ ತಿರುಗಿದ. ಹೊಡೆಯುತ್ತಾನೆ ಎಂದುಕೊಂಡಳು, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ಅವರ ಮೆಟ್ಟಿಲ ಮೇಲೆಯೇ ಕುಸಿದು, ಬೀಗದ ಕೈಯನ್ನು ಮುಷ್ಟಿಯಲ್ಲಿ ಒತ್ತಿಕೊಂಡು ಕುಳಿತ.

"ಹಾಗಾದ್ರೆ ಅಣ್ಣ ಇದ್ದ ಕಡೆಯಿಂದ ಯಾರೂ ಬಂದೇ ಇಲ್ಲ" ಎಂದ.

ಮಾರ್ಗೀಗೆ ವಿಷಯ ತಿಳಿದಾಗ ಕೈ ಕೇಬಲ್‌ಗೇ ಹೋಯಿತು. ಒಳಗೆ ಇಣುಕಿ ಲೊವೆಲ್‌ನನ್ನು ಕಂಡಳು. ಬಿಟ್ಟಳು. "ಬೆಳಕಾದ ಕೂಡಲೇ ಜಾಗ ಖಾಲಿ ಮಾಡಿ" ಎಂದಷ್ಟೇ ಹೇಳಿ ಸಾರಿನ ಬಟ್ಟಲನ್ನು ಎತ್ತಿಕೊಂಡು ಹೋದಳು. ಲೊವೆಲ್ ನಳಿಕೆಯನ್ನು ಮತ್ತೆ ಮೂಗಿಗೆ ಸಿಕ್ಕಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ. ಅರ್ಲೀನ್ ಅವನ ಪಾದದ ಹತ್ತಿರ ಕುಳಿತಳು. ಅವನು ಕಾಲನ್ನು ಎಳೆದುಕೊಳ್ಳಲಿಲ್ಲ.

ಬೆಳಗ್ಗೆ ಲೊವೆಲ್‌ಗೆ ಸಿಲಿಂಡರಿನಲ್ಲಿ ಉಳಿದಿದ್ದನ್ನು ಹಾಕಿ ಅವಳು ಕೆಳಗಿಳಿದಾಗ ಡ್ವೇನ್ ಅವರ ಕೇಬಲನ್ನು ಬಿಚ್ಚಿ ಸುತ್ತುತ್ತಿದ್ದ. ಸುರುಳಿಯನ್ನು ಅವಳ ಕೈಗೆ ಕೊಟ್ಟ.

"ನಿಮ್ಮವರಿಗೆ ಉಸಿರು ಸಿಕ್ತಾ?"

"ಸಿಕ್ತು."

"ಸರಿ."

ಅಷ್ಟರಲ್ಲಿ ಗೇಟಿನ ಬಳಿ ಪೊಲೀಸರ ಜೀಪು ಬಂದು ನಿಂತಿತು. ಇಳಿದ ಅಧಿಕಾರಿ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಯಾರನ್ನೋ ಹುಡುಕುವಂತೆ ಮೈದಾನದ ಕಡೆ ನೋಡಿದ. ಡ್ವೇನ್ ಅವಸರ ಮಾಡದೆ ಅತ್ತ ನಡೆದ.