ಎರಡು ಗೇಣು ತಂತಿ

ಹೌರಾದ ರೈಲ್ವೆಯಲ್ಲಿ ಸಿಗ್ನಲ್ ವೈರ್‌ಮನ್ ಆಗಿದ್ದ ಹೊನ್ನಪ್ಪನಿಗೆ ಜೋತುಬಿದ್ದ ತಂತಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಹೆಚ್ಚಾದ ತುದಿಯನ್ನು ಕತ್ತರಿಸದೆ ಅವನು ಕೆಲಸ ಮುಗಿಸಿದ್ದೇ ಇಲ್ಲ. ಕತ್ತರಿಸಿದ ಚೂರನ್ನು ಹಳಿಯ ಮೇಲೆ ಬಿಡದೆ ಜೇಬಿಗೆ ಹಾಕಿಕೊಳ್ಳುವ ಶಿಸ್ತು ಬೇರೆ. ಮನೆಯಲ್ಲೂ ಇದೇ ಗೋಳು ಅನ್ನಿ.

ಮಗಳು ಕೋಕಿಲಾ ಕಾಮಾಲೆಯಿಂದ ತೀರಿಕೊಂಡು ಐದು ತಿಂಗಳಾಗಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿ; ತಾನೇ ಕೂತು ಮಾಡಿದ ರೇಡಿಯೋ ವಿಮಾನ ಕಪಾಟಿನ ಮೇಲಿತ್ತು. ರಿಸೀವರಿನ ಆಂಟೆನಾ ತಂತಿ ಎಳೆದು ಕೂರಿಸುವುದೊಂದೇ ಬಾಕಿ. ಹೆಂಡತಿ ಇಂದಿರಮ್ಮ ಅಂದಿನಿಂದ ಹೊಸ್ತಿಲು ದಾಟಿರಲಿಲ್ಲ. ಊಟವೂ ಅಷ್ಟಕ್ಕಷ್ಟೆ, ಮಾತೂ ಅಷ್ಟಕ್ಕಷ್ಟೆ. ಒಂದು ದಿನ ತಾನಾಗಿಯೇ ಅಂದಳು: “ಅಕಿ ಮಾಡಿದ್ದು ಹಾರೂದು ಒಮ್ಮೆ ನೋಡ್ಬೇಕ್ರೀ.”

ಹೊನ್ನಪ್ಪನಿಗೆ ಅಷ್ಟು ಸಾಕಾಯಿತು. ಇವಳಾದರೂ ತನಗೆ ಉಳಿದಾಳು ಎಂಬ ಆಸೆ. ವಿಮಾನ ಇನ್ನೂ ಮುಗಿದಿಲ್ಲವೆಂದು ಇಂದಿರಮ್ಮನಿಗೆ ಹೇಳದೆ, ಅವಳು ಒಳಗೆ ಮಲಗಿದ್ದಾಗ, ಸಂಜೆಯ ಲೋಡ್‌ಶೆಡ್ಡಿಂಗಿಗೆ ಮೊದಲೇ ಕಿಟಕಿಯ ಬಳಿ ಕೂತು, ತಂತಿಯನ್ನು ವಿಮಾನದ ಹೊಟ್ಟೆಯೊಳಗಿಂದ ಬಾಲದವರೆಗೆ ಎಳೆದು ಬಿಗಿದ. ಬಾಲದಾಚೆಗೆ ಇನ್ನೂ ಎರಡು ಗೇಣು ಇಳಿಬಿದ್ದಿತ್ತು. “ಥೂ, ಏನ್ ದರಿದ್ರ!” ಎಂದು ಕಚಕ್ಕನೆ ಕತ್ತರಿಸಿ, ಚೂರನ್ನು ಜೇಬಿಗಿಳಿಸಿದ.

ಭಾನುವಾರ ಊರಾಚೆ ಜೋಕಾದ ಬಯಲಿನಲ್ಲಿ ಘೋಷ್‌ಬಾಬು ಕಾದಿದ್ದರು. ಕೋಕಿಲಾಗೆ ವಿಮಾನ ಹಾರಿಸಲು ಕಲಿಸಿದವರು ಅವರೇ. “ಆಂಟೆನಾ ಪೂರ್ತಿ ಇದೆ ತಾನೆ?” ಎಂದು ಹಿಂದಿಯಲ್ಲಿ ಕೇಳಿದರು.

“ವೈರ್‌ಮನ್‌ಗೇ ತಂತಿ ಪಾಠವೇ, ದಾದಾ?” ಎಂದು ಹೊನ್ನಪ್ಪ ನಕ್ಕುಬಿಟ್ಟ. ಅವರು ಮತ್ತೆ ಕೇಳಲಿಲ್ಲ. ಕೇಳಬಾರದಿತ್ತೆ, ಪುಣ್ಯಾತ್ಮ!

ವಿಮಾನ ಗುರ್ರೆಂದು ಎದ್ದಿತು. ಇಂದಿರಮ್ಮ ಹಣೆಗೆ ಕೈ ಅಡ್ಡ ಹಿಡಿದು, “ಅಯ್ಯ, ಹಾರ್ತದ ನೋಡ್ರೀ, ಹಾರ್ತದ!” ಎಂದು ನಗುತ್ತಾ ಅತ್ತಳು. ಐದು ತಿಂಗಳ ಮೇಲೆ ಆ ನಗು ಕಂಡ ಹೊನ್ನಪ್ಪ ವಿಮಾನ ನೋಡುವುದನ್ನೇ ಮರೆತ.

ಬಯಲಿನಂಚಿನ ಕೊಳಗಳನ್ನು ವಿಮಾನ ದಾಟಿದ್ದೇ ತಡ, ಘೋಷ್‌ಬಾಬುವಿನ ಮುಖ ಬಿಳಿಚಿತು. ಕೈಯಲ್ಲಿದ್ದ ರಿಮೋಟಿನ ಕಡ್ಡಿಯನ್ನು ಎಷ್ಟು ತಿರುಗಿಸಿದರೂ ಅದು ತಿರುಗಲೊಲ್ಲದು. “ಸಿಗ್ನಲ್ ಮುಟ್ಟುತ್ತಿಲ್ಲ!” ಎಂದು ಅವರು ಕೂಗುತ್ತಾ ಓಡಿದರು. ಅದು ನೆಟ್ಟಗೆ ಹೋಯಿತು, ಚುಕ್ಕಿಯಾಯಿತು, ಕಾಣದಾಯಿತು. ಮಧ್ಯಾಹ್ನದವರೆಗೆ ಹುಡುಕಿದರೂ ಸಿಗಲಿಲ್ಲ.

“ಯಾಕ ಹಿಂಗಾತ್ರೀ?” ಇಂದಿರಮ್ಮ ಕೇಳಿದಳು.

ಹೊನ್ನಪ್ಪನ ಕೈ ಜೇಬಿಗೆ ಹೋಯಿತು. ಚೂರು ಅಲ್ಲೇ ಇತ್ತು. ಆಂಟೆನಾ ಗಿಡ್ಡವಾದರೆ ದೂರದ ಸಿಗ್ನಲ್ ಹಿಡಿಯದೆಂದು ಸಿಗ್ನಲ್ಲಿನ ಕೆಲಸದವನಿಗೆ ಈಗ ಬೇರೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಿಜ ಹೇಳಿದರೆ ಇವಳು ಇನ್ನೆಂದೂ ತನ್ನ ಮುಖ ನೋಡಲಾರಳು ಎಂದು ಹೆದರಿದ, ಹೇಡಿ.

“ಅಕಿನ ಏನೋ ತಪ್ಪು ಮಾಡಿರ್ಬೇಕು, ಬಿಡು,” ಅಂದ.

ಬಸ್ಸಿನಲ್ಲಿ ಇಂದಿರಮ್ಮ ಕಿಟಕಿಯಾಚೆಯ ಆಕಾಶವನ್ನೇ ನೋಡುತ್ತಿದ್ದಳು. ಎಸ್ಪ್ಲನೇಡ್‌ನಲ್ಲಿ ಇಳಿದು ಹೌರಾದ ಬಸ್ಸಿಗೆ ನಿಂತಾಗ ಮೆಲ್ಲಗೆ ಅಂದಳು: “ಸಣ್ಣಾಕಿ, ಪಾಪ. ಅಕಿಗೇನ್ ಗೊತ್ತು? ತಂತಿ ಕೆಲಸದಾಗ ನೀವರ ಒಮ್ಮೆ ಕೂತು ಕೈ ಹಚ್ಚಿದ್ರ ಹಿಂಗಾಗ್ತಿರಲಿಲ್ಲ ನೋಡ್ರಿ.”

“ಹೂಂ,” ಅಂದ ಹೊನ್ನಪ್ಪ. ಅವನ ಕೈ ಇನ್ನೂ ಜೇಬಿನಲ್ಲೇ ಇತ್ತು.