ಏಳನೇ ನಂಬರಿನ ಕಲ್ಲು

ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಹೋದ ರೈತ, ಕಡುಬಿನ ಬುಟ್ಟಿ ಹೊತ್ತು ತನ್ನ ಹೊಲದಲ್ಲೇ ದಿಕ್ಕೆಟ್ಟು ನಿಂತದ್ದನ್ನು ನೀವು ಕಂಡಿರಲಿಕ್ಕಿಲ್ಲ. ಉಚ್ಚೆಂಗೆಪ್ಪ ಹಾಗೆ ನಿಂತಿದ್ದ. ಹಾಗೆ ನಿಲ್ಲಿಸಿದವರು ಬಳ್ಳಾರಿಯಿಂದ ಬಂದ ರಾಘಣ್ಣ ಮೇಷ್ಟ್ರು.

ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯ ಬದಿಗಿರುವ ಆ ಹೊಲ ಅವನ ತಾಯಿ ಮೂಕಮ್ಮನ ತವರಿನದು. ಮೂಲೆಯಲ್ಲಿ ಸುಣ್ಣ ಬಳಿದ ಮೊಳದುದ್ದದ ಕಲ್ಲು. ಅದರಡಿ ಮೂಕಮ್ಮನ ಅಣ್ಣ ಎರ್ರಿ ಮಲಗಿದ್ದಾನೆ. ಎಂಟು ವರ್ಷಕ್ಕೇ ಜ್ವರ ಬಂದು ಹೋದವನು. ಚರಗದ ಮೊದಲ ತುತ್ತು ಅವನಿಗೆ, ಆಮೇಲೆ ಭೂಮಿತಾಯಿಗೆ. ಇದು ಮನೆಯ ಪದ್ಧತಿ.

ಮೂಕಮ್ಮನಿಗೆ ಈಗ ಎಂಬತ್ತೈದು. ಯುಗಾದಿ ಕಾಣುವುದು ಅನುಮಾನ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳ ಆಸೆ ಒಂದೇ, ತನ್ನನ್ನು ಆ ಕಲ್ಲಿನ ಬುಡದಲ್ಲಿ ಮಣ್ಣು ಮಾಡಬೇಕು. ಮಗ ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಇವತ್ತು ಹಟ ಹಿಡಿದು ಆಟೋದಲ್ಲಿ ಬಂದು ಬೇವಿನ ನೆರಳಲ್ಲಿ ಕೂತಿದ್ದಳು.

ರಾಘಣ್ಣನವರು ರಿಟೈರಾದ ಮೇಲೆ ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಮಿಲಿಟರಿಯವರು ಇಲ್ಲಿಯ ಜನರ ಹೊಲ ತೆಗೆದುಕೊಂಡು, ಯುದ್ಧ ಮುಗಿಯುವ ತನಕ ಎಂದು ಮಾಡಿದ್ದ ವಿಮಾನದ ಬಯಲಿನ ಚರಿತ್ರೆ ಬರೆಯಲು ಹೊರಟಿದ್ದರು. ಎಲ್ಲಿಂದಲೋ ಹಳೆಯ ನಕ್ಷೆ ಸಂಪಾದಿಸಿದ್ದರು. ಬಂದವರೇ ಕೇಳದೆ ಹೇಳದೆ ಕರವಸ್ತ್ರ ಒದ್ದೆ ಮಾಡಿ ಕಲ್ಲನ್ನು ತಿಕ್ಕಿದರು. ಎಂಬತ್ತು ವರ್ಷದ ಸುಣ್ಣ ಹೊಪ್ಪಳೆ ಹೊಪ್ಪಳೆಯಾಗಿ ಉದುರಿತು. ಒಳಗೆ ಒಂದು ಬಾಣದ ಗುರುತು, ಏಳು ಎಂಬ ಅಂಕಿ.

"ನೋಡ್ರಿ ಉಚ್ಚೆಂಗೆಪ್ಪ! ಇದು ಸಮಾಧಿ ಕಲ್ಲಲ್ಲ. ರನ್‌ವೇ ಅಂಚಿಗೆ ನೆಟ್ಟ ಗುರುತಿನ ಕಲ್ಲು!"

"ಹಂಗಾರ ನಮ್ಮ ಎರ್ರಿಮಾವ ಎಲ್ಲಿ ಅದಾನ್ರಿ ಸಾರ್?"

ಮೇಷ್ಟ್ರು ನಕ್ಷೆ ನೋಡಿದರು, ಫೋನು ನೋಡಿದರು, ತಲೆ ಕೆರೆದುಕೊಂಡರು. "ನಕ್ಷೆ ಪ್ರಕಾರ ಏಳನೇ ಕಲ್ಲು ಕಾಲುವಿ ಆಚೀಗೆ, ಆ ಹುಲುಗೇಶನ ಹೊಲದಾಗ ಇರಬೇಕಿತ್ತು. ಇಲ್ಲಿಗೆ ಹೆಂಗ ಬಂತೋ ನನಗೂ ತಿಳೀವಲ್ದು."

ಉಚ್ಚೆಂಗೆಪ್ಪನ ತಲೆ ಗಿರ್ರೆಂದಿತು. ಕಲ್ಲು ಅಲ್ಲಿಯದಾದರೆ ಮಾವನೂ ಅಲ್ಲಿಯವನೇ? ಇಷ್ಟು ವರ್ಷ ತಾನು ಉಣಿಸಿದ್ದು ಯಾರಿಗೆ? ನಾಳೆ ತಾಯಿಗೆ ಗುಂಡಿ ತೋಡುವುದು ಎಲ್ಲಿ? ಕಡುಬು ಕೈಗೆತ್ತಿಕೊಂಡು ಕಲ್ಲಿನತ್ತ ಬಾಗಿದ, ಕೈ ಹಿಂದೆ ತೆಗೆದ. ಕಾಲುವೆಯ ತನಕ ನಡೆದು ಹುಲುಗೇಶನ ಮೆಣಸಿನಗಿಡಗಳನ್ನು ನೋಡಿದ, ತಿರುಗಿ ಬಂದ, ಮತ್ತೆ ಹೋದ. ಮೇಷ್ಟ್ರ ಮೇಲೆ ಸಿಟ್ಟು ಉಕ್ಕಿತು. ಈ ಸುದ್ದಿ ಇನ್ನು ಮೂರು ತಿಂಗಳು ಕಾದಿದ್ದರೆ ಯಾರ ಗಂಟು ಹೋಗುತ್ತಿತ್ತು? ತಾಯಿಗಂತೂ ತಿಳಿಯಬಾರದು ಎಂದುಕೊಂಡ. ಆದರೆ ಅರವತ್ತು ಹುಡುಗರ ಕ್ಲಾಸಿಗೆ ಪಾಠ ಹೇಳಿದ ಗಂಟಲು ಬೇವಿನ ಮರಕ್ಕೆ ಕೇಳದೆ ಇರುತ್ತದೆಯೇ?

"ಲೇ ಉಚ್ಚೆಂಗಿ, ಬಾ ಇಲ್ಲಿ," ಮೂಕಮ್ಮ ಕರೆದಳು. "ಆ ಕಲ್ಲು ನಮ್ಮಪ್ಪ ತಂದು ನೆಟ್ಟಿದ್ದಲೇ. ನಾ ನೀರಿನ ತಂಬಿಗಿ ಹಿಡಕಂಡು ಹಿಂದ ಬಂದಿದ್ನಿ."

ಉಚ್ಚೆಂಗೆಪ್ಪ ಬಾಯಿ ಬಿಟ್ಟುಕೊಂಡು ಕುಕ್ಕರಿಸಿದ.

"ಎರ್ರಿನ ಮಣ್ಣು ಮಾಡಿದ ವರ್ಷಾನ ಮಿಲಿಟರ್‍ಯಾರು ಹೊಲ ತಗಂಡ್ರು. ತಿರುಗಿ ಕೊಟ್ಟಾಗ ಬದು ಇಲ್ಲ, ಗಿಡ ಇಲ್ಲ, ಎರ್ರಿನ ಮಣ್ಣು ಮಾಡಿದ ಗುಡ್ಡಿನೂ ಇಲ್ಲ. ರೊಟ್ಟಿ ತಟ್ಟಿದಂಗ ಸಪಾಟ. ಎಳ್ಳಮಾಸಿ ದಿನ ನಮ್ಮವ್ವ ಎಡಿ ಹಿಡಕಂಡು ಹೊಲ ತುಂಬ ಅಡ್ಡಾಡಿ ಅಡ್ಡಾಡಿ ಅತ್ಲು. ನೀ ಈಗ ಅಡ್ಡಾಡಿದಂಗ. ಅಪ್ಪ ತಡೀಲಾರದ ಒಂದು ಕಲ್ಲು ಕಿತ್ತು ತಂದು ನೆಟ್ಟು, 'ಇಲ್ಲೇ ಅದಾನ ನೋಡು' ಅಂದ. ಅವ್ವ ಕುಂತ್ಲು. ಎಡಿ ಇಟ್ಲು."

ಮೇಷ್ಟ್ರು ನಕ್ಷೆ ಮಡಚಿದರು. ಉಚ್ಚೆಂಗೆಪ್ಪನ ಕಣ್ಣಲ್ಲಿ ನೀರಾಡಿತು.

"ಯವ್ವಾ, ಇಷ್ಟೆಲ್ಲ ಗೊತ್ತಿದ್ದೂ ನನ್ನ ಇಲ್ಲೇ ಹಾಕ್ರಿ ಅಂದ್ಯಲ್ಲ?"

"ಮತ್ತೇನಲೇ," ಎಂದಳು ಮುದುಕಿ, ಬುಟ್ಟಿಯತ್ತ ಕೈ ಚಾಚುತ್ತಾ. "ಪಾಪ, ನಮ್ಮಪ್ಪ ಒಂದೇ ಒಂದು ಸುಳ್ಳು ಹೇಳಿದ್ದ. ನಾ ಹೋಗಿ ಮಲಗಿದ್ರ ಆ ಕಲ್ಲಿನ ಕೆಳಗ ಅವನ ಮಕ್ಕಳಾಗ ಒಬ್ರಾದ್ರೂ ಖರೇ ಇದ್ದಂಗಾತು."